ಮೊದಲು ಕೆಡುವುದು ಯಾವುದು? ವಿಶ್ವಾಸಾರ್ಹತಾ ಎಂಜಿನಿಯರಿಂಗ್ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ನಿಮ್ಮ ಮೊಬೈಲ್ ಚಾರ್ಜರಿನ ಕೇಬಲ್ ಕಳೆದ ಸಲ ಎಲ್ಲಿ ಹಾಳಾಗಿತ್ತು, ಸ್ವಲ್ಪ ನೆನಪಿಸಿಕೊಳ್ಳಿ. ನಡುವೆ ಕಿತ್ತುಹೋದದ್ದು ಅಪರೂಪ. ಬಹಳ ಮಟ್ಟಿಗೆ ಪಿನ್ನಿಗೆ ಸೇರುವ ಕುತ್ತಿಗೆಯಲ್ಲೇ ಹಾಳಾಗಿರುತ್ತದೆ. ಒಳಗೆ ಕೂದಲೆಳೆಯಂಥ ತಾಮ್ರದ ಎಳೆಗಳಿವೆ. ಮೆತ್ತನೆಯ ಕೇಬಲ್ ಮುಗಿದು ಗಟ್ಟಿ ಪ್ಲಾಸ್ಟಿಕ್ ಶುರುವಾಗುವ ಜಾಗದಲ್ಲಿ ಪ್ರತಿ ಸಲ ಬಾಗಿಸಿದಾಗಲೂ ಪೆಟ್ಟು ಅದೇ ಬಿಂದುವಿಗೆ. ಒಂದು ಎಳೆ ತುಂಡಾದರೆ ನಿಮಗೆ ಗೊತ್ತೇ ಆಗುವುದಿಲ್ಲ. ಉಳಿದ ಎಳೆಗಳ ಮೇಲೆ ಹೊರೆ ಹೆಚ್ಚುತ್ತದೆ, ಇನ್ನೊಂದು ತುಂಡಾಗುತ್ತದೆ. ಕೊನೆಗೆ ಕೇಬಲನ್ನು ಒಂದು ನಿರ್ದಿಷ್ಟ ಭಂಗಿಯಲ್ಲಿ ಸೊಟ್ಟಗೆ ಹಿಡಿದರೆ ಮಾತ್ರ ಚಾರ್ಜ್ ಆಗುವ ದಿನ ಬರುತ್ತದೆ.

ಆ ಕುತ್ತಿಗೆಗೆ ತೊಡಿಸಿರುವ ಸುಕ್ಕುಸುಕ್ಕಾದ ರಬ್ಬರಿನ ತೋಳು ಇರುವುದೇ ಆ ಬಾಗುವಿಕೆಯನ್ನು ಒಂದು ಬಿಂದುವಿನಿಂದ ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಹಂಚಲು. ಅದನ್ನು ಐದು ಮಿಲಿಮೀಟರ್ ಗಿಡ್ಡ ಮಾಡಿದರೆ ನೋಡಲು ಚೆಂದ, ಖರ್ಚೂ ಸ್ವಲ್ಪ ಕಡಿಮೆ. ಹಾಗೆ ಗಿಡ್ಡ ಮಾಡಿದ ವಿನ್ಯಾಸಕಾರ ಆ ಕೇಬಲಿನ ಹಣೆಬರಹವನ್ನೂ ಅಂದೇ ಬರೆದಿರುತ್ತಾನೆ. ಕಾರ್ಖಾನೆಯಲ್ಲಿ ಎಷ್ಟು ಜಾಗರೂಕತೆಯಿಂದ ತಯಾರಿಸಿದರೂ ಆ ಬರಹ ಅಳಿಸುವುದಿಲ್ಲ.

ನನ್ನ ವಿಷಯ ಇದೇ. ವಿಶ್ವಾಸಾರ್ಹತಾ ಎಂಜಿನಿಯರಿಂಗ್ ಎಂಬ ಭಾರವಾದ ಹೆಸರನ್ನು ಕೇಳಿ ಹೆದರಬೇಡಿ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವಷ್ಟೇ ಗಂಭೀರವಾಗಿ, ಅದು ಹೇಗೆ ಕೆಡುತ್ತದೆ ಎಂದು ಕೇಳುವುದು, ಅದೂ ನಕ್ಷೆ ಇನ್ನೂ ಮೇಜಿನ ಮೇಲಿರುವಾಗ ಕೇಳುವುದು ಈ ಶಾಸ್ತ್ರದ ಕೆಲಸ.

ಗುಣಮಟ್ಟ ಬೇರೆ, ವಿಶ್ವಾಸಾರ್ಹತೆ ಬೇರೆ. ಕೊಂಡ ದಿನ ವಸ್ತು ಸರಿಯಾಗಿದೆಯೇ ಎಂಬುದು ಗುಣಮಟ್ಟದ ಪ್ರಶ್ನೆ. ಮೂರು ವರ್ಷದ ನಂತರವೂ ಸರಿಯಾಗಿರುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಪುಸ್ತಕದ ವ್ಯಾಖ್ಯೆ ಹೀಗಿದೆ: ನಿಗದಿತ ಪರಿಸ್ಥಿತಿಯಲ್ಲಿ, ನಿಗದಿತ ಅವಧಿಯವರೆಗೆ, ವಸ್ತುವೊಂದು ತನ್ನ ಕೆಲಸವನ್ನು ತಪ್ಪದೆ ಮಾಡುವ ಸಂಭವನೀಯತೆ. ಇದರಲ್ಲಿ ಒಂದು ಪದವನ್ನೂ ಬಿಡುವಂತಿಲ್ಲ. ‘ಚೆನ್ನಾಗಿ ಬಾಳಿಕೆ ಬರಬೇಕು’ ಎಂದು ಬರೆದುಕೊಂಡು ವಿನ್ಯಾಸಕ್ಕೆ ಕೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಹಾರೈಕೆ. ‘ಧೂಳಿರುವ ಕೋಣೆಯಲ್ಲಿ, 45 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪದಲ್ಲಿ, ದಿನಕ್ಕೆ ಎಂಟು ಗಂಟೆ ಓಡಿದರೆ, ಐದು ವರ್ಷದ ಕೊನೆಗೆ ನೂರರಲ್ಲಿ ತೊಂಬತ್ತೈದು ಮೋಟಾರುಗಳು ನಡೆಯುತ್ತಿರಬೇಕು’ ಎಂದು ಬರೆದರೆ ಆಗ ಲೆಕ್ಕ ಹಾಕಬಹುದು, ಜಗಳವನ್ನೂ ಆಡಬಹುದು.

ಈ ಶಾಸ್ತ್ರ ಹುಟ್ಟಿದ್ದು ಸೋಲಿನಿಂದ. ಎರಡನೆಯ ಮಹಾಯುದ್ಧದ ಕಾಲದ ರೇಡಿಯೊ, ರೇಡಾರ್‌ಗಳೆಲ್ಲ ನಿರ್ವಾತ ಕೊಳವೆಗಳ (ವ್ಯಾಕ್ಯೂಮ್ ಟ್ಯೂಬ್) ಮೇಲೆ ನಿಂತಿದ್ದವು, ಆ ಕೊಳವೆಗಳು ಮಾತು ಕೇಳುತ್ತಿರಲಿಲ್ಲ. ಎನಿಯಾಕ್ ಗಣಕಯಂತ್ರದಲ್ಲಿ ಅಂಥ ಸುಮಾರು 18,000 ಕೊಳವೆಗಳಿದ್ದವು. ಅಷ್ಟರಲ್ಲಿ ಒಂದು ಕೆಟ್ಟರೂ ಲೆಕ್ಕ ಕೆಡುತ್ತಿತ್ತು. ಜರ್ಮನಿಯ ಕ್ಷಿಪಣಿಗಳ ಮೇಲೆ ಕೆಲಸ ಮಾಡಿದ್ದ ರಾಬರ್ಟ್ ಲುಸ್ಸರ್ ಹೆಸರಿನಲ್ಲಿ ಒಂದು ಸರಳ ಗುಣಾಕಾರ ಉಳಿದಿದೆ. ಒಂದು ಕೆಟ್ಟರೆ ಎಲ್ಲವೂ ನಿಲ್ಲುವ ಹಾಗೆ ಸಾಲಾಗಿ ಜೋಡಿಸಿದ ಭಾಗಗಳಿದ್ದರೆ, ಇಡೀ ಯಂತ್ರದ ವಿಶ್ವಾಸಾರ್ಹತೆ ಆ ಭಾಗಗಳ ವಿಶ್ವಾಸಾರ್ಹತೆಗಳ ಗುಣಲಬ್ಧ. ಪ್ರತಿ ಭಾಗವೂ 99.9 ಶೇಕಡಾ ನಂಬಿಗಸ್ತ ಎನ್ನೋಣ. ಅಂಥ ಸಾವಿರ ಭಾಗಗಳನ್ನು ಸಾಲಾಗಿ ಸೇರಿಸಿ. ಇಡೀ ಯಂತ್ರ ಕೆಲಸ ಮುಗಿಸುವ ಸಾಧ್ಯತೆ ಸುಮಾರು 37 ಶೇಕಡಾಕ್ಕೆ ಇಳಿಯುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಕ್ಯಾಲ್ಕುಲೇಟರನ್ನೇ ಅನುಮಾನಿಸಿದ್ದೆ. ಉತ್ತಮ ಭಾಗಗಳನ್ನು ಹುಡುಕುವುದಕ್ಕಿಂತ ಮೊದಲು ಭಾಗಗಳ ಸಂಖ್ಯೆಯನ್ನೇ ಇಳಿಸಲಾಗುತ್ತದೆಯೇ ನೋಡಿ ಎಂದು ಹಳೆಯ ಎಂಜಿನಿಯರುಗಳು ಹೇಳುವುದು ಈ ಕಾರಣಕ್ಕೆ.

ಇನ್ನೊಂದು ಅಂಕಿಯ ಬಗ್ಗೆ ನನಗೆ ತಕರಾರಿದೆ. ಉಪಕರಣಗಳ ವಿವರಪಟ್ಟಿಯಲ್ಲಿ ಎಂಟಿಬಿಎಫ್ ಎಂದು ಕಾಣುತ್ತದೆ, ಅಂದರೆ ಎರಡು ವೈಫಲ್ಯಗಳ ನಡುವಿನ ಸರಾಸರಿ ಕಾಲ. ಐದು ಲಕ್ಷ ಗಂಟೆ ಎಂದು ಬರೆದಿದ್ದರೆ ಐವತ್ತೇಳು ವರ್ಷ ಓಡುತ್ತದೆ ಎಂದು ಜನ ನಂಬುತ್ತಾರೆ. ಇಪ್ಪತ್ತೈದರ ಹರೆಯದವರಲ್ಲಿ ವರ್ಷಕ್ಕೆ ಸಾವಿರಕ್ಕೊಬ್ಬರು ಸಾಯುತ್ತಾರೆ ಎಂದುಕೊಳ್ಳಿ. ಅದೇ ಲೆಕ್ಕದಲ್ಲಿ ಅವರ ಎಂಟಿಬಿಎಫ್ ಸಾವಿರ ವರ್ಷ! ಸಾವಿರ ವರ್ಷ ಬದುಕಿದವರನ್ನು ಯಾರೂ ಕಂಡಿಲ್ಲ, ಏಕೆಂದರೆ ಮುಪ್ಪು ಆ ಅಂಕಿಯೊಳಗೆ ಬರುವುದೇ ಇಲ್ಲ. ಮುಪ್ಪನ್ನು ಬದಿಗಿಟ್ಟು, ವೈಫಲ್ಯದ ದರ ಸದಾ ಒಂದೇ ಇರುತ್ತದೆ ಎಂದು ಒಪ್ಪಿಕೊಂಡರೂ, ಎಂಟಿಬಿಎಫ್‌ನಷ್ಟು ಕಾಲ ಕಳೆಯುವ ಹೊತ್ತಿಗೆ ಉಳಿದಿರುವುದು 37 ಶೇಕಡಾ ಮಾತ್ರ.

ವಸ್ತುಗಳು ಆರಂಭದಲ್ಲಿ ತಯಾರಿಕೆಯ ದೋಷದಿಂದ ಹೆಚ್ಚು ಕೆಡುತ್ತವೆ, ನಡುವೆ ಕಡಿಮೆ, ಕೊನೆಗೆ ಸವೆದು ಮತ್ತೆ ಹೆಚ್ಚು. ಸ್ನಾನದ ತೊಟ್ಟಿಯ ಆಕಾರದ ಈ ರೇಖೆಯನ್ನು ಎಲ್ಲ ಪಠ್ಯಗಳಲ್ಲೂ ಬರೆದಿರುತ್ತಾರೆ. ಆದರೆ 1978ರಲ್ಲಿ ನೌಲನ್ ಮತ್ತು ಹೀಪ್ ಎಂಬ ಇಬ್ಬರು ವಿಮಾನದ ಭಾಗಗಳನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ, ವಯಸ್ಸಾದಂತೆ ಸವೆದು ಕೆಡುವ ಲಕ್ಷಣ ಕಂಡದ್ದು 11 ಶೇಕಡಾ ಭಾಗಗಳಲ್ಲಿ ಮಾತ್ರ. ಉಳಿದವನ್ನು ವಯಸ್ಸು ನೋಡಿ ಬದಲಾಯಿಸಿ ಪ್ರಯೋಜನವಿರಲಿಲ್ಲ. ಹೊಸ ಭಾಗ ಹಾಕುವುದೆಂದರೆ ಹೊಸ ದೋಷವನ್ನು ಆಹ್ವಾನಿಸಿದಂತೆಯೂ ಆಗಬಹುದಿತ್ತು.

ಈಗ ಕಾಮೆಟ್ ವಿಮಾನದ ಕಥೆ. 1952ರಲ್ಲಿ ಸೇವೆಗೆ ಬಂದ ಮೊದಲ ಪ್ರಯಾಣಿಕ ಜೆಟ್ ಅದು. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಎತ್ತರದಲ್ಲಿ ಕ್ಯಾಬಿನ್ ಒಳಗೆ ಗಾಳಿಯ ಒತ್ತಡ ತುಂಬಬೇಕು, ಇಳಿದಾಗ ಬಿಡಬೇಕು. ಪ್ರತಿ ಹಾರಾಟಕ್ಕೂ ಲೋಹದ ಮೈ ಒಮ್ಮೆ ಉಬ್ಬಿ ಒಮ್ಮೆ ತಗ್ಗುತ್ತದೆ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ತನಿಖೆಗಾರರು ಒಂದು ಇಡೀ ಕಾಮೆಟನ್ನು ನೀರಿನ ತೊಟ್ಟಿಯೊಳಗೆ ಇಳಿಸಿ, ನೀರಿನಿಂದಲೇ ಒತ್ತಡ ಕೊಟ್ಟು ತೆಗೆದು, ಹಾರಾಟದ ಅನುಕರಣೆ ಮಾಡಿದರು. ಅದು ಮೊದಲೇ 1,221 ಬಾರಿ ಹಾರಿದ್ದ ವಿಮಾನ. ತೊಟ್ಟಿಯಲ್ಲಿ ಇನ್ನೂ 1,836 ಸುತ್ತುಗಳಾಗುವಷ್ಟರಲ್ಲಿ ಮೈ ಹರಿಯಿತು. ಬಿರುಕು ಹುಟ್ಟಿದ್ದು ಕ್ಯಾಬಿನ್ನಿನ ಒಂದು ಕಿಂಡಿಯ ಮೂಲೆಯಲ್ಲಿ, ಒತ್ತಡ ಒಟ್ಟುಗೂಡುವ ಜಾಗದಲ್ಲಿ. ಇದು ಲೋಹದ ದಣಿವು. ನಮ್ಮ ಕೇಬಲಿನ ಕುತ್ತಿಗೆಯ ಕಥೆಯೇ, ಪ್ರಮಾಣ ಮಾತ್ರ ಬೇರೆ.

ವಿಮಾನ ಕಟ್ಟಿದ ಕಂಪನಿಯವರು ಪರೀಕ್ಷೆಯೇ ಮಾಡಿರಲಿಲ್ಲವೇ? ಮಾಡಿದ್ದರು. ಅವರ ಮಾದರಿ ಭಾಗ 16,000ಕ್ಕೂ ಹೆಚ್ಚು ಸುತ್ತುಗಳನ್ನು ತಾಳಿಕೊಂಡಿತ್ತು. ಆದರೆ ಅದೇ ಭಾಗಕ್ಕೆ ಮೊದಲು, ಬಲ ನೋಡಲೆಂದು, ಬಳಕೆಯ ಒತ್ತಡದ ಸುಮಾರು ಎರಡರಷ್ಟನ್ನು ಕೊಟ್ಟಿದ್ದರು. ಆ ಅತಿಯಾದ ಒತ್ತಡ ಮೂಲೆಗಳ ಲೋಹವನ್ನು ಗಟ್ಟಿಗೊಳಿಸಿತ್ತು. ಹಾಗಾಗಿ ಪರೀಕ್ಷೆಗೆ ಕೂತ ಭಾಗವೇ ಬೇರೆ, ಪ್ರಯಾಣಿಕರು ಕೂತ ವಿಮಾನವೇ ಬೇರೆ ಎಂಬಂತಾಯಿತು. ‘ಪರೀಕ್ಷೆಯಲ್ಲಿ ಪಾಸಾಗಿದೆ’ ಎಂದು ಯಾರಾದರೂ ಸಮಾಧಾನ ಹೇಳಿದಾಗ ನನಗೆ ಆ 16,000 ನೆನಪಾಗುತ್ತದೆ.

ಇಷ್ಟು ದೊಡ್ಡ ಉದಾಹರಣೆ ಬೇಡವೆಂದರೆ ಸಣ್ಣದೊಂದು ಹೇಳುತ್ತೇನೆ. ಹಿಂದೆ ನಾನಿದ್ದ ಕಂಪನಿಯಲ್ಲಿ ಒಂದು ವಿದ್ಯುತ್ ಪೂರೈಕೆ ಘಟಕ ತಯಾರಾಗುತ್ತಿತ್ತು. ವರ್ಷ ತುಂಬುವ ಮೊದಲೇ ಒಂದೊಂದಾಗಿ ವಾಪಸು ಬರತೊಡಗಿದವು. ಮುಚ್ಚಳ ತೆರೆದರೆ ಎಲ್ಲದರಲ್ಲೂ ಒಂದೇ ದೃಶ್ಯ: ಅದೇ ಕೆಪಾಸಿಟರಿನ (ವಿದ್ಯುತ್ತನ್ನು ಕೂಡಿಟ್ಟು ಬಿಡುವ ಪುಟ್ಟ ಭಾಗ ಅದು) ನೆತ್ತಿ ಉಬ್ಬಿದೆ, ಬುಡದಲ್ಲಿ ಕಂದು ಬಣ್ಣದ ಅಂಟು. ಕೊಟ್ಟವರು ಕಳಪೆ ಮಾಲು ಕೊಟ್ಟಿದ್ದಾರೆ ಎಂದು ಖರೀದಿ ವಿಭಾಗದವರು ಕೂಗಾಡಿದರು. ನಾನು ತಾಪಮಾಪಕದ ತಂತಿ ಅಂಟಿಸಿ ನೋಡಿದೆ, ಕೆಪಾಸಿಟರಿನ ಮೈ 85 ಡಿಗ್ರಿ ಇತ್ತು. ಪಕ್ಕದಲ್ಲೇ, ಬೆರಳು ತೂರದಷ್ಟು ಹತ್ತಿರದಲ್ಲಿ, ಶಾಖ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿ.

ಇಂಥ ಕೆಪಾಸಿಟರಿನೊಳಗೆ ದ್ರವವಿರುತ್ತದೆ, ಅದು ನಿಧಾನವಾಗಿ ಆವಿಯಾಗುತ್ತದೆ. ತಾಪ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧ, ಹತ್ತು ಇಳಿದರೆ ಎರಡರಷ್ಟು ಎಂಬುದು ಕಸುಬಿನವರ ಅಂದಾಜು. ನಮ್ಮದು 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಜಾತಿ. 85 ಡಿಗ್ರಿಯಲ್ಲಿ 8,000 ಗಂಟೆ, ಅಂದರೆ ಹಗಲಿರುಳು ಓಡಿದರೆ ಹನ್ನೊಂದು ತಿಂಗಳು. ಲೆಕ್ಕ ಹಾಕಿದ ಹಾಗೆಯೇ ವಾಪಸು ಬಂದಿದ್ದವು, ಪಾಪ. ಅದನ್ನು ಬೋರ್ಡಿನ ಇನ್ನೊಂದು ಅಂಚಿಗೆ ಸರಿಸಿ, ಗಾಳಿಯಾಡುವಲ್ಲಿ ಇಟ್ಟಾಗ ತಾಪ 65ಕ್ಕೆ ಇಳಿಯಿತು. ಅದೇ ಕೆಪಾಸಿಟರ್, ಅದೇ ಬೆಲೆ, 32,000 ಗಂಟೆ. ನಕ್ಷೆಯ ಹಂತದಲ್ಲಿ ಈ ಸ್ಥಳಾಂತರಕ್ಕೆ ಅರ್ಧ ದಿನ ಸಾಕಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆಬಾಗಿಲು ಹಾಕಿದ ನಮಗೆ ಮೂರು ತಿಂಗಳು ಹಿಡಿಯಿತು.

ನಕ್ಷೆಯ ಹಂತದಲ್ಲೇ ಇದನ್ನು ಹಿಡಿಯಲು ಒಂದು ಪದ್ಧತಿ ಇದೆ, ಎಫ್ಎಂಇಎ ಎನ್ನುತ್ತಾರೆ, ಅಂದರೆ ಕೆಡುವ ಬಗೆ ಮತ್ತು ಅದರ ಪರಿಣಾಮಗಳ ವಿಶ್ಲೇಷಣೆ. 1949ರ ಅಮೆರಿಕದ ಸೇನಾ ದಾಖಲೆಯೊಂದರಲ್ಲಿ ಅದರ ಬೇರಿದೆ. ಒಂದೊಂದು ಭಾಗವನ್ನೂ ಎದುರಿಗಿಟ್ಟುಕೊಂಡು, ಇದು ಯಾವ್ಯಾವ ರೀತಿ ಕೆಡಬಹುದು, ಕೆಟ್ಟರೆ ಏನಾಗುತ್ತದೆ, ಮೊದಲೇ ಗೊತ್ತಾಗುತ್ತದೆಯೇ ಎಂದು ಕೇಳುತ್ತಾ ಹೋಗುವುದು. ಗಂಭೀರತೆ, ಸಂಭವ, ಪತ್ತೆಯ ಕಷ್ಟ ಇವುಗಳಿಗೆ ಹತ್ತರೊಳಗೆ ಅಂಕ ಕೊಟ್ಟು ಗುಣಿಸುತ್ತಾರೆ. ಆ ಗುಣಾಕಾರದ ಮೇಲೆ ನನಗೆ ದೊಡ್ಡ ಭಕ್ತಿಯಿಲ್ಲ. ದುರಸ್ತಿ ಮಾಡುವವರನ್ನೂ ನಕ್ಷೆ ಬರೆಯುವವರನ್ನೂ ಒಂದೇ ಮೇಜಿಗೆ ಕೂರಿಸುತ್ತದಲ್ಲ, ಅದಕ್ಕೆ ಬೆಲೆ.

ಒಂದು ಕೆಟ್ಟರೆ ಇರಲಿ ಎಂದು ಎರಡು ಹಾಕಿಬಿಡೋಣ ಎನ್ನುವವರಿಗೆ 1989ರ ಜುಲೈ 19ರ ಘಟನೆ ಹೇಳಬೇಕು. ಡಿಸಿ-10 ವಿಮಾನದಲ್ಲಿ ನಿಯಂತ್ರಣಕ್ಕೆ ಮೂರು ಪ್ರತ್ಯೇಕ ಹೈಡ್ರಾಲಿಕ್ ವ್ಯವಸ್ಥೆಗಳಿದ್ದವು. ಬಾಲದ ಎಂಜಿನ್ನಿನ ಫ್ಯಾನ್ ಡಿಸ್ಕ್ ಒಡೆದು ಚೂರುಗಳು ಹಾರಿದಾಗ ಮೂರರಲ್ಲೂ ದ್ರವ ಸೋರಿಹೋಯಿತು. ಮೂರರ ಕೊಳವೆಗಳೂ ಬಾಲದ ಬಳಿ ಆ ಚೂರುಗಳ ದಾರಿಯಲ್ಲೇ ಇದ್ದವು. ಎಂಜಿನ್‌ಗಳ ವೇಗ ಹೆಚ್ಚುಕಡಿಮೆ ಮಾಡುತ್ತಲೇ ಪೈಲಟ್‌ಗಳು ಅಮೆರಿಕದ ಸೂ ಸಿಟಿ ವಿಮಾನ ನಿಲ್ದಾಣದವರೆಗೆ ತಂದದ್ದರಿಂದ 296 ಜನರಲ್ಲಿ 184 ಮಂದಿ ಉಳಿದರು. ಕಾಗದದ ಮೇಲೆ ಮೂರಿದ್ದದ್ದು ಆ ಚೂರುಗಳ ಪಾಲಿಗೆ ಒಂದೇ ಆಗಿತ್ತು.

ಕೊನೆಯದಾಗಿ ಪರೀಕ್ಷೆಯ ಬಗ್ಗೆ ಒಂದು ಲೆಕ್ಕ. 99 ಶೇಕಡಾ ವಿಶ್ವಾಸಾರ್ಹತೆಯನ್ನು 90 ಶೇಕಡಾ ಭರವಸೆಯೊಂದಿಗೆ ತೋರಿಸಬೇಕಾದರೆ 230 ಮಾದರಿಗಳನ್ನು ಪೂರ್ತಿ ಆಯುಸ್ಸಿನವರೆಗೆ ಓಡಿಸಬೇಕು, ಒಂದೂ ಕೆಡಬಾರದು. ಅಷ್ಟು ಮಾದರಿಗಳನ್ನು ಯಾವ ವ್ಯವಸ್ಥಾಪಕರೂ ಕೊಡುವುದಿಲ್ಲ. ಸಿಗುವುದು ಹತ್ತೋ ಹನ್ನೆರಡೋ. ಆದ್ದರಿಂದ ಪಾಸು ಮಾಡಿಸುವ ಆಸೆ ಬಿಟ್ಟು, ತಾಪ ಏರಿಸಿ, ನಡುಗಿಸಿ, ಕೆಡುವವರೆಗೂ ಕಾಡಿಸಿ, ಮೊದಲು ಸೋತದ್ದು ಯಾವುದು ಎಂದು ನೋಡುತ್ತೇವೆ. ಅದನ್ನು ತಿದ್ದಿ ಮತ್ತೆ ಕಾಡಿಸುತ್ತೇವೆ.

ಅಂದು ವಾಪಸು ಬಂದ ಕೆಪಾಸಿಟರುಗಳಲ್ಲಿ ಒಂದನ್ನು ಜೇಬಿನಲ್ಲಿ ತಂದಿದ್ದೇನೆ. ಕೈಯಿಂದ ಕೈಗೆ ದಾಟಿಸಿ ನೋಡಿ. ನೆತ್ತಿಯ ಮೇಲೆ ಗೀರು ಹಾಕಿದ ಗುರುತಿದೆಯಲ್ಲ, ಒಳಗಿನ ಒತ್ತಡ ಮಿತಿಮೀರಿದರೆ ಸಿಡಿಯದೆ ಅಲ್ಲೇ ಬಾಯಿಬಿಡಲಿ ಎಂದು ಮಾಡಿರುವುದು ಅದು. ಇದು ಹೇಗೆ ಕೆಡಬೇಕು ಎಂದು ಕೆಪಾಸಿಟರ್ ಮಾಡಿದವರು ಯೋಚಿಸಿದ್ದರು. ಯೋಚಿಸದೆ ಇದ್ದವರು ನಾವು. ಅದು ಕೊನೆಯ ಸಾಲು ತಲುಪುವಷ್ಟರಲ್ಲಿ ಪ್ರಶ್ನೆಗಳಿದ್ದರೆ ಕೇಳಿ.