ಯುರೋಪಿನಲ್ಲಿ ಎಲ್ಲರೂ ನೆಂಟರೇ

ರೇಡಿಯೋ ಕೇಳುಗರಿಗೆ ನಮಸ್ಕಾರ. ಯುರೋಪಿನ ಜನರ ಡಿಎನ್‌ಎ ಬಗ್ಗೆ ಐದು ನಿಮಿಷ ಮಾತಾಡಿ, ಸುಲಭವಾಗಿರಲಿ ಅಂದಿದ್ದಾರೆ. ಹಾಗಾದರೆ ಒಂದೇ ಮಾತು. ಯುರೋಪಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಒಗ್ಗರಣೆ ಸದ್ದಿನಲ್ಲಿ ಉಳಿದದ್ದು ಕೇಳಿಸದಿದ್ದರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಚೆಡ್ಡರ್ ಅಂತ ಒಂದು ಹಳ್ಳಿ ಇದೆ. ಚೀಸ್ ಹೆಸರು ಕೇಳಿರುತ್ತೀರಿ, ಅದೇ ಊರು. 1903ರಲ್ಲಿ ಅಲ್ಲಿನ ಗುಹೆಯೊಂದರಲ್ಲಿ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಸುಮಾರು 10,000 ವರ್ಷ ಹಳೆಯದು. ಬೇಸಾಯ ಗೊತ್ತಿಲ್ಲದ, ಬೇಟೆಯಾಡಿ ಬದುಕಿದ ಮನುಷ್ಯ. 1997ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯಾನ್ ಸೈಕ್ಸ್ ಅವನ ಹಲ್ಲಿನಿಂದ ಡಿಎನ್‌ಎ ತೆಗೆದರು. ಒಂದು ಟಿವಿ ಕಾರ್ಯಕ್ರಮಕ್ಕಾಗಿ ಊರಿನ ಕೆಲವರ ಡಿಎನ್‌ಎ ಜೊತೆ ಹೋಲಿಸಿ ನೋಡಿದರು. ಶಾಲೆಯ ಮಕ್ಕಳ ಜೊತೆ ಅವರ ಇತಿಹಾಸದ ಮೇಷ್ಟ್ರೂ ಮಾದರಿ ಕೊಟ್ಟಿದ್ದರು. ಮೇಷ್ಟ್ರದ್ದು ಹೊಂದಿಬಿಟ್ಟಿತು! ಗುಹೆಯವನ ನೆಂಟ ಅದೇ ಊರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಪತ್ರಿಕೆಗಳಿಗೆ ಹಬ್ಬ. ನನಗೂ ಈ ಕಥೆ ಬಹಳ ಇಷ್ಟ. ಆದರೆ ಮೇಷ್ಟ್ರ ವಂಶ ಅಂದಿನಿಂದಲೂ ಅದೇ ಊರಲ್ಲೇ ಇದೆ ಅಂತ ಜನ ಅರ್ಥ ಮಾಡಿಕೊಂಡದ್ದು ನೋಡಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಹೊಂದಿದ್ದು ಏನು? ಮೈಟೊಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಪುಟ್ಟ ಭಾಗದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ, ಹೀಗೆ ಒಂದೇ ಎಳೆ. ಇಬ್ಬರ ಎಳೆಯೂ ಸೇರುವ ಗುಂಪಿಗೆ ಯು5 ಅಂತ ಹೆಸರು. ಯುರೋಪಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಆ ಗುಂಪಿನವರೇ! ಹುಡುಕಿದ್ದರೆ ಪೋಲೆಂಡಿನಲ್ಲೂ ಒಬ್ಬ ಮೇಷ್ಟ್ರು ಸಿಗುತ್ತಿದ್ದರು. ಆದರೆ ಹಾಗೆಂದರೆ ಸುದ್ದಿ ಆಗುವುದಿಲ್ಲ, ಅಲ್ವಾ?

2018ರಲ್ಲಿ ಇನ್ನೊಂದು ಗಲಾಟೆ. ಆ ಗುಹೆಯವನ ಪೂರ್ತಿ ಡಿಎನ್‌ಎ ಓದಿದ ಲಂಡನ್ನಿನ ವಿಜ್ಞಾನಿಗಳು ಅವನದು ಕಪ್ಪು ಮೈ, ನೀಲಿ ಕಣ್ಣು ಇದ್ದಿರಬೇಕು ಅಂದರು. ಕೆಲವರಿಗೆ ಸಿಟ್ಟು ಬಂತು. ಯಾಕೆ ಬರಬೇಕೋ! ಅವನಾದ ಮೇಲೆ ಈಗಿನ ಟರ್ಕಿಯ ಕಡೆಯಿಂದ ಬೇಸಾಯಗಾರರ ಸಂತತಿ ಯುರೋಪಿಗೆ ಹರಡಿ, ಸುಮಾರು 6,000 ವರ್ಷದ ಹಿಂದೆ ಬ್ರಿಟನ್ ಮುಟ್ಟಿತು. ಸುಮಾರು 4,500 ವರ್ಷದ ಹಿಂದೆ ಇನ್ನೊಂದು ಅಲೆ. ಅದರಲ್ಲಿ ಉಕ್ರೇನ್, ರಷ್ಯಾ ಕಡೆಯ ಹುಲ್ಲುಗಾವಲಿನಲ್ಲಿ ದನ ಮೇಯಿಸುತ್ತಿದ್ದವರ ರಕ್ತ. ಇವತ್ತಿನ ಬ್ರಿಟಿಷರಲ್ಲಿ ಆ ಬೇಟೆಗಾರರ ಪಾಲು ಸುಮಾರು 10 ಪ್ರತಿಶತ ಮಾತ್ರ. ಮೇಷ್ಟ್ರಿಗೆ ಆ ಗುಹೆ ಎಷ್ಟು ಹತ್ತಿರವೋ, ಉಕ್ರೇನಿನ ಹುಲ್ಲುಗಾವಲು ಅದಕ್ಕಿಂತ ಜಾಸ್ತಿ ಹತ್ತಿರ.

ಎಲ್ಲರೂ ನೆಂಟರು ಅಂದೆ. ಲೆಕ್ಕ ಹಾಕಿ. ಅಪ್ಪ ಅಮ್ಮ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಹೀಗೇ 30 ತಲೆಮಾರು ಹಿಂದೆ ಹೋದರೆ, ಅಂದರೆ ಸುಮಾರು 900 ವರ್ಷ, 107 ಕೋಟಿ ಪೂರ್ವಿಕರು ಬೇಕು. ಆಗ ಇಡೀ ಭೂಮಿಯಲ್ಲೇ ಅಷ್ಟು ಜನ ಇರಲಿಲ್ಲ! ಹಾಗಾಗಿ ಅದೇ ಮುತ್ತಜ್ಜ ಮತ್ತೆ ಮತ್ತೆ ಬರಲೇಬೇಕು, ನಿಮ್ಮ ಲೆಕ್ಕದಲ್ಲೂ, ಪಕ್ಕದವರ ಲೆಕ್ಕದಲ್ಲೂ.

ಇದು ಬರೀ ಗಣಿತ ಅಲ್ಲ. 2013ರಲ್ಲಿ ಪೀಟರ್ ರಾಲ್ಫ್ ಮತ್ತು ಗ್ರಹಾಮ್ ಕೂಪ್ ಅನ್ನುವ ವಿಜ್ಞಾನಿಗಳು 2,257 ಯುರೋಪಿಯನ್ನರ ಡಿಎನ್‌ಎ ಹೋಲಿಸಿದರು. ಯುರೋಪಿನ ಎರಡು ತುದಿಯವರಿಗೂ ಸಾವಿರ ವರ್ಷದ ಹಿಂದೆ ಪೂರ್ವಿಕರು ಬಹುಪಾಲು ಒಂದೇ ಜನ ಅಂತ ಕಂಡಿತು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಹಂಗೇರಿಯವರ ಭಾಷೆಗೆ ಹತ್ತಿರದ ನೆಂಟರು ಸೈಬೀರಿಯಾದಲ್ಲಿದ್ದಾರೆ. ಆದರೆ ಡಿಎನ್‌ಎ ನೋಡಿದರೆ ಅಕ್ಕಪಕ್ಕದ ದೇಶದವರ ಹಾಗೇ ಇದ್ದಾರೆ. ಯುರೋಪಿನ ರೋಮಾ ಜನರ ಪೂರ್ವಿಕರು ಸುಮಾರು 1,500 ವರ್ಷದ ಹಿಂದೆ ನಮ್ಮ ವಾಯವ್ಯ ಭಾರತದಿಂದ ಹೊರಟವರು. ದಾರಿಯುದ್ದಕ್ಕೂ, ಬಾಲ್ಕನ್ ನಾಡಿನಲ್ಲೂ ಬೆರೆತವರು. ಅಲ್ಲಿನವರಿಗೂ ನೆಂಟರು, ಇಲ್ಲಿನವರಿಗೂ ನೆಂಟರು. ಅವರ ಕಥೆಗೇ ಇನ್ನೊಂದು ದಿನ ಬೇಕು, ಕರೆದರೆ ಬರುತ್ತೇನೆ. ನಮಸ್ಕಾರ.