ರಿಸಾಲ್ವ್.ಕಾನ್ಫ್ ಬರೆಯುವವರು ಯಾರು?

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಬೆಳಗಾವಿಯ ಮಳೆ, ಮೈಕ್ ಕೆಟ್ಟಿಲ್ಲ. ಟಿಳಕವಾಡಿಯಲ್ಲಿ ಕಾಕಾನ ಮನೆಗೆ ಬಂದಿದ್ದೇನೆ. ಸ್ಕ್ರೀನ್ ಮೇಲಿರುವುದು ಅವರ ಮಗನ ಉಬುಂಟು ಲ್ಯಾಪ್‌ಟಾಪ್. ಅವನ ತಕರಾರು ಇಷ್ಟೇ: "ಅಣ್ಣಾ, ರಿಸಾಲ್ವ್.ಕಾನ್ಫ್‌ನ್ಯಾಗ 1.1.1.1 ಅಂತ ಬರದಿದ್ನಿ. ರೀಸ್ಟಾರ್ಟ್ ಮಾಡಿದ್ರ ಹೋಗೇ ಬಿಟ್ಟೈತಿ ನೋಡು."

ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವುದು ಡಿಎನ್‌ಎಸ್ ಸರ್ವರ್; 1.1.1.1 ಅಂಥದ್ದೊಂದು. ಯಾವ ಸರ್ವರನ್ನು ಕೇಳಬೇಕು ಅಂತ ಲಿನಕ್ಸ್ ನೋಡುವ ಫೈಲೇ ರಿಸಾಲ್ವ್.ಕಾನ್ಫ್. ಅವನು ಬರೆದದ್ದು ಹೋಗಲೇಬೇಕು. ಇದನ್ನು ತಿದ್ದಬೇಡಿ ಅಂತ ಫೈಲಿನಲ್ಲೇ ಬರೆದಿದೆ. ಯಾರು ಓದುತ್ತಾರೆ, ಅಲ್ವಾ? ಇಟಿಸಿ ಫೋಲ್ಡರ್‌ನಲ್ಲಿ ಕಾಣುವುದು ಬರೀ ಸಿಮ್‌ಲಿಂಕ್, ಅಂದರೆ ಬೇರೆ ಫೈಲಿನತ್ತ ಬೊಟ್ಟು ಮಾಡುವ ಕೊಂಡಿ. ಅಸಲಿ ಫೈಲ್ ಇರುವುದು ರನ್ ಫೋಲ್ಡರ್‌ನಲ್ಲಿ, ಅಂದರೆ ರ‍್ಯಾಮ್‌ನಲ್ಲಿ. ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಅದನ್ನು ಮತ್ತೆ ಬರೆಯುವುದು ಸಿಸ್ಟಮ್‌ಡಿ-ರಿಸಾಲ್ವ್‌ಡ್ ಎಂಬ ಸರ್ವಿಸ್. ಒಳಗಿರುವ ವಿಳಾಸ ನೋಡಿ, 127.0.0.53. ಅದು ಈ ಲ್ಯಾಪ್‌ಟಾಪೇ! ಪ್ರಶ್ನೆ ಮೊದಲು ಈ ಸರ್ವಿಸ್‌ಗೆ ಬರುತ್ತದೆ, ಅದು ಹೊರಗಿನ ಸರ್ವರ್‌ಗೆ ಕಳಿಸುತ್ತದೆ.

ಹೊರಗಿನ ಸರ್ವರ್ ಯಾವುದು ಅಂತ ರೂಟರ್ ಡಿಎಚ್‌ಸಿಪಿಯಲ್ಲಿ, ಅಂದರೆ ನೆಟ್‌ವರ್ಕ್‌ಗೆ ಸೇರುವಾಗ ವಿಳಾಸ ಕೊಡುವ ಮಾತುಕತೆಯಲ್ಲಿ, ಹೇಳುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ರಿಸಾಲ್ವ್‌ಡ್‌ಗೆ ಮುಟ್ಟಿಸುತ್ತದೆ. ಈಗ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಅಂತ ಕಮಾಂಡ್ ಹೊಡೆಯುತ್ತೇನೆ. ವೈ-ಫೈಗೆ ಒಂದು ಸರ್ವರ್, ಆಫೀಸಿನ ವಿಪಿಎನ್‌ಗೆ ಇನ್ನೊಂದು.

ನನಗೆ ಇದರಲ್ಲಿ ಹಿಡಿಸಿದ್ದು ಇದೇ. ಹಳೇ ಪದ್ಧತಿಯಲ್ಲಿ ಎಲ್ಲ ಸರ್ವರ್‌ಗಳೂ ಒಂದೇ ಪಟ್ಟಿಯಲ್ಲಿ, ಅದೂ ಜಾಸ್ತಿ ಅಂದರೆ 3. ಮೊದಲನೆಯದು ಉತ್ತರವನ್ನೇ ಕೊಡದಿದ್ದರೆ ಮಾತ್ರ ಎರಡನೆಯದರ ಪಾಳಿ. ಆಫೀಸಿನ ಒಳಗಿನ ಸೈಟು ವೈ-ಫೈ ಸರ್ವರ್‌ಗೆ ಗೊತ್ತಿಲ್ಲ. ಆದರೂ ಅದು ಸುಮ್ನೆ ಕೂರುವುದಿಲ್ಲ, 'ಅಂಥ ಹೆಸರೇ ಇಲ್ಲ' ಅನ್ನುತ್ತದೆ. ಅದೂ ಉತ್ತರವೇ! ಅಲ್ಲಿಗೆ ಹುಡುಕಾಟ ಮುಗಿಯಿತು. ಗೊತ್ತಿರುವ ಸರ್ವರ್ ಕೆಳಗಿನ ಸಾಲಿನಲ್ಲೇ ಇದ್ದರೂ ಯಾರೂ ಕೇಳುವುದಿಲ್ಲ. ಈಗ ವಿಪಿಎನ್ ಸಾಲು ನೋಡಿ, ಆಫೀಸ್ ಡೊಮೇನ್ ಮುಂದೆ ~ ಗುರುತಿದೆ. ಆ ಡೊಮೇನಿನ ಹೆಸರುಗಳು ಮಾತ್ರ ಆ ಕಡೆ ಹೋಗುತ್ತವೆ, ಉಳಿದದ್ದು ವೈ-ಫೈ ಕಡೆಗೆ.

ಇನ್ನು 1.1.1.1. ವೈ-ಫೈ ಸೆಟ್ಟಿಂಗ್, ಐಪಿವಿ4, ಡಿಎನ್‌ಎಸ್ ಆಟೊಮ್ಯಾಟಿಕ್ ಆಫ್, ವಿಳಾಸ ಹಾಕಿ, ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ರಿಸಾಲ್ವ್‌ಡ್‌ನದೇ ಸೆಟ್ಟಿಂಗ್ ಫೈಲ್ ರಿಸಾಲ್ವ್‌ಡ್.ಕಾನ್ಫ್‌ನಲ್ಲೂ ಬರೆಯಬಹುದು. ಆದರೆ ಅಲ್ಲಿ ಬರೆದಷ್ಟಕ್ಕೇ ರೂಟರ್ ಕೊಟ್ಟ ಸರ್ವರ್ ಬಿಟ್ಟುಹೋಗುವುದಿಲ್ಲ, ಅದನ್ನೂ ಕೇಳುತ್ತಿರುತ್ತದೆ. ಅದಕ್ಕೇ ನನ್ನ ಮತ ವೈ-ಫೈ ಸೆಟ್ಟಿಂಗ್‌ಗೆ. ಹಳೇ ಉತ್ತರವೇ ಬರುತ್ತಿದ್ದರೆ ರಿಸಾಲ್ವ್‌ಸಿಟಿಎಲ್ ಫ್ಲಷ್-ಕ್ಯಾಶಸ್ ಹೊಡೆದು ನೆನಪಿಟ್ಟ ಉತ್ತರಗಳನ್ನು ಅಳಿಸಿ.

ಇಷ್ಟಾದರೂ ಬ್ರೌಸರ್ ಒಂದೇ ಬೇರೆ ದಾರಿ ಹಿಡಿದರೆ ಅದರದೇ ಸೆಟ್ಟಿಂಗ್ ತೆರೆಯಿರಿ. ಫೈರ್‌ಫಾಕ್ಸ್‌ನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ (ಡಿಎನ್‌ಎಸ್ ಪ್ರಶ್ನೆಯನ್ನು ಗುಟ್ಟಾಗಿ ಕಳಿಸುವ ವಿಧಾನ) ಆನ್ ಇದ್ದರೆ ಅದು ರಿಸಾಲ್ವ್‌ಡ್‌ನ ಮಾತಿಗೆ ಕಾಯದೆ ತನ್ನ ಸರ್ವರ್‌ಗೇ ಕೇಳುತ್ತದೆ.