ಬಾಲ್ ಬರುವ ದಾರಿ ಮುಚ್ಚುವವರು

ಕೇಳುಗರಿಗೆ ನಮಸ್ಕಾರ. ಮಂಗಳೂರಿನ ನೆಹರೂ ಮೈದಾನದಲ್ಲಿ ಫುಟ್ಬಾಲ್ ನಡೆಯುವಾಗ ಬದಿಯಲ್ಲಿ ನಿಂತವರು ಕೂಗುವುದನ್ನು ಕೇಳಿದ್ದೀರಲ್ವಾ? "ಅವನನ್ನು ಬಿಡ್ಬೇಡ, ಹಿಡಿ!" ಎದುರು ತಂಡದಲ್ಲಿ ಚುರುಕಾದ ಸ್ಟ್ರೈಕರ್ ಒಬ್ಬ ಇದ್ದರೆ ಸಾಕು, ಇಬ್ಬರು ಅವನ ಬೆನ್ನು ಹತ್ತುತ್ತಾರೆ. ಅವನಿಗೆ ಬಾಲ್ ಕೊಡುವ ಹುಡುಗ ಮಾತ್ರ ಮಧ್ಯದಲ್ಲಿ ಆರಾಮಾಗಿ ತಲೆ ಎತ್ತಿ ಆಡುತ್ತಿರುತ್ತಾನೆ. ಒಳ್ಳೆಯ ಮ್ಯಾನೇಜರ್ ಮೊದಲು ಹುಡುಕುವುದು ಈ ಹುಡುಗನನ್ನೇ.

ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್, 2010ರದ್ದನ್ನು ನೆನಪಿಸಿಕೊಳ್ಳಿ. ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಎಸಿ ಮಿಲಾನ್. ಮಿಲಾನ್ ತಂಡದಲ್ಲಿ ಸ್ಟಾರ್ ಆಟಗಾರ ರೊನಾಲ್ಡಿನೊ ಇದ್ದರು, ನಿಜ. ಆದರೆ ಆಟ ಶುರುವಾಗುತ್ತಿದ್ದದ್ದು ಹಿಂದೆ ನಿಂತು ಪಾಸ್ ಹಂಚುವ ಪಿರ್ಲೊ ಅವರಿಂದ. ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಅವರು ದಣಿವೇ ಗೊತ್ತಿಲ್ಲದ ಪಾರ್ಕ್ ಜಿ ಸಂಗ್ ಅವರನ್ನು ಪಿರ್ಲೊ ಹಿಂದೆ ಬಿಟ್ಟರು. ತಿರುಗುವುದಕ್ಕೂ ಜಾಗ ಕೊಡಬೇಡ, ಅಷ್ಟೇ ಕೆಲಸ. ಮಿಲಾನ್‌ನಲ್ಲಿ 3-2, ಓಲ್ಡ್ ಟ್ರಾಫರ್ಡ್‌ನಲ್ಲಿ 4-0, ಎರಡೂ ಯುನೈಟೆಡ್‌ಗೆ. ಆ ನಾಲ್ಕರಲ್ಲಿ ಒಂದು ಗೋಲು ಪಾರ್ಕ್ ಅವರದ್ದೇ!

ಅದೇ ವರ್ಷದ ಸೆಮಿಫೈನಲ್ ನನಗೆ ಇನ್ನೂ ಇಷ್ಟ. ಮೊದಲ ಪಂದ್ಯವನ್ನು 3-1ರಲ್ಲಿ ಗೆದ್ದ ಮೌರಿನ್ಹೊ ಅವರ ಇಂಟರ್ ತಂಡ ಬಾರ್ಸಿಲೋನಾಕ್ಕೆ ಹೋಯಿತು, ಅರ್ಧ ಗಂಟೆ ಆಗುವ ಮೊದಲೇ ತಿಯಾಗೊ ಮೊಟ್ಟಾಗೆ ಕೆಂಪು ಕಾರ್ಡ್ ಸಿಕ್ಕಿ ಹತ್ತೇ ಜನ ಉಳಿದರು. ಬಾಲ್ ಬೇಕಾದರೆ ನೀವೇ ಇಟ್ಟುಕೊಳ್ಳಿ, ನಡುವಿನ ಜಾಗ ಮಾತ್ರ ಕೊಡುವುದಿಲ್ಲ ಅನ್ನುವ ಹಾಗೆ ಆಡಿದರು. ಮೆಸ್ಸಿ ಒಳಗೆ ನುಗ್ಗಿದರೆ ಎದುರಿಗೆ ಒಬ್ಬರಲ್ಲ, ಇಬ್ಬರು ಮೂವರು. ಗೋಲು ಹೊಡೆದೇ ಹೆಸರು ಮಾಡಿದ ಇಂಟರ್‌ನ ಎಟೊ ಅಂದು ಬದಿಯ ಡಿಫೆಂಡರ್ ಹಾಗೆ ಓಡಿದರು. ಬಾರ್ಸಿಲೋನಾಕ್ಕೆ ಕೊನೆಗೂ ಸಿಕ್ಕಿದ್ದು ಒಂದು ಗೋಲು, ಎರಡೂ ಪಂದ್ಯ ಸೇರಿಸಿದರೆ 3-2, ಫೈನಲ್‌ಗೆ ಹೋದದ್ದು ಇಂಟರ್. ಇದನ್ನು ಹೇಡಿಗಳ ಆಟ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಸ್ಟ್ರೈಕರ್ ತನ್ನ ಗೋಲಿನ ಆಸೆ ಬಿಟ್ಟು ತಂಡಕ್ಕಾಗಿ ಹಿಂದೆ ಓಡುವುದು ಸುಮ್ನೆ ಆಗುವ ಕೆಲಸವಲ್ಲ.

ಎಲ್ಲರೂ ಹಿಂದೆ ಕೂರಲೇಬೇಕು ಅಂತಲೂ ಇಲ್ಲ. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾದ ಕೋಚ್ ಎರ್ವೆ ರೆನಾರ್ ಪೂರ್ತಿ ಉಲ್ಟಾ ಮಾಡಿದರು. ಡಿಫೆಂಡರ್‌ಗಳ ಸಾಲನ್ನೇ ಮುಂದಕ್ಕೆ ತಳ್ಳಿದರು. ಪಾಸ್ ಹೊರಡುವಾಗ ಎದುರು ತಂಡದವ ಆ ಸಾಲು ದಾಟಿ ಗೋಲಿನ ಕಡೆಗೆ ನಿಂತಿದ್ದರೆ ಅದು ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಆಗಿ ರದ್ದಾದವು, ಕೊನೆಗೆ ಸೌದಿ 2-1ರಲ್ಲಿ ಗೆದ್ದಿತು. ಅಪಾಯ ಜಾಸ್ತಿ ಇತ್ತು. ಸಾಲಿನಲ್ಲಿ ಒಬ್ಬ ಒಂದು ಹೆಜ್ಜೆ ತಡ ಮಾಡಿದ್ದರೂ ಮೆಸ್ಸಿ ಮುಂದೆ ಗೋಲ್‌ಕೀಪರ್ ಒಬ್ಬರೇ!

ನಮ್ಮ ಕರಾವಳಿಯ ಶಾಲಾ ಕಾಲೇಜು ಕೋಚ್‌ಗಳೂ ಬಾಲ್ ಬರುವ ದಾರಿ ಮುಚ್ಚುವ ಈ ಕೆಲಸ ಮಾಡಬಹುದು. ಮಳೆಗಾಲದ ಕೆಸರಿನಲ್ಲಿ ಚಿಕ್ಕ ಪಾಸ್ ಉರುಳುವುದೇ ಇಲ್ಲ, ನೀರಲ್ಲಿ ನಿಂತುಬಿಡುತ್ತದೆ. ಆ ದಿನ ಕಾಯಬೇಕಾದದ್ದು ಡ್ರಿಬಲ್ ಮಾಡುವ ಹುಡುಗನನ್ನಲ್ಲ, ಹಿಂದಿನಿಂದ ಉದ್ದಕ್ಕೆ ಒದೆಯುವವನನ್ನು. ಅವನು ಯಾವ ಕಾಲಲ್ಲಿ ಒದೆಯುತ್ತಾನೆ ಅಂತ ಮೊದಲ ಹತ್ತು ನಿಮಿಷದಲ್ಲೇ ನೋಡಿಟ್ಟುಕೊಳ್ಳಿ, ಆಮೇಲೆ ನಿಮ್ಮ ಹುಡುಗನೊಬ್ಬನನ್ನು ಆ ಕಾಲಿನ ಕಡೆಗೇ ನಿಲ್ಲಿಸಿ.